ಜೀವಕೋಶದೊಳಗಿನ ಹೆಳವ

ಹರಿಹರದಿಂದ ತುಂಗಭದ್ರೆಯ ಗುಂಟ ಕೆಲವು ಮೈಲಿ ಮೇಲಕ್ಕೆ ಹೋದರೆ ಸಿಗುವ ನಮ್ಮ ಊರಿಗೆ, ನನ್ನ ಬಾಲ್ಯದಲ್ಲಿ, ಸುಗ್ಗಿ ಮುಗಿದ ಮೇಲೆ ಹೆಳವನೊಬ್ಬನು ಬರುತ್ತಿದ್ದನು. ಅವನ ಎತ್ತಿನ ಗಂಟೆಯ ಸದ್ದು ಕೇಳಿದೊಡನೆ ಓಣಿಯ ಹುಡುಗರೆಲ್ಲ ಓಡುತ್ತಿದ್ದೆವು. ಜಗಲಿಯ ಮೇಲೆ ಕಂಬಳಿ ಹಾಸಿ ಕುಳಿತು, ಬಟ್ಟೆಯಲ್ಲಿ ಸುತ್ತಿದ ಕಡತವನ್ನು ಬಿಚ್ಚಿ, ಅವನು ನಮ್ಮ ಮನೆತನದ ಹೆಸರುಗಳನ್ನು ರಾಗವಾಗಿ ಹೇಳತೊಡಗುವನು. ಇಂಥವನ ಮಗ ಇಂಥವನು; ಅವನಿಗೆ ಮೂವರು ಗಂಡುಮಕ್ಕಳು; ಹಿರಿಯವನು ಇದೇ ಊರಿನಲ್ಲಿ ಉಳಿದನು; ನಡುವಣವನು ಬರಗಾಲದಲ್ಲಿ ದನಕರುಗಳನ್ನು ಹೊಡೆದುಕೊಂಡು ಹೊಳೆ ದಾಟಿ ಹೋದನು; ಕಿರಿಯವನ ಸಂತತಿ ನಿಂತುಹೋಯಿತು. ಏಳೆಂಟು ತಲೆಗಳ ಹಿಂದೆ ನಮ್ಮವರು ಬೇರೊಂದು ಊರಿನಿಂದ ಬಂದವರೆಂಬುದು ನಮಗೆ ತಿಳಿದದ್ದು ಅವನ ಬಾಯಿಂದಲೇ. ಒಮ್ಮೆ ಎಲ್ಲವನ್ನೂ ಕೇಳಿಸಿಕೊಂಡ ನಮ್ಮ ಅಜ್ಜಿ, ಮೊರದಲ್ಲಿ ಜೋಳ ತಂದು ಅವನ ಚೀಲಕ್ಕೆ ಸುರಿಯುತ್ತ, "ಎಲ್ಲಾರ ಹೆಸರೂ ಬಂತು, ನನ್ನ ಹೆಸರು ಎಲ್ಲೈತಪ್ಪಾ ಹೆಳವಯ್ಯ?" ಎಂದು ಕೇಳಿದಳು. ಹೆಳವನು ನಕ್ಕು, "ಹೆಣ್ಣುಮಕ್ಕಳ ಹೆಸರು ಬರೆಯೋ ಪದ್ಧತಿ ನಮ್ಮ ಕಡತದಾಗೆ ಇಲ್ಲ ತಾಯೀ" ಎಂದನು.

ಈ ಪ್ರಸಂಗವನ್ನು ನಾನು ಬಹುಮಟ್ಟಿಗೆ ಮರೆತಿದ್ದೆ. ಕಳೆದ ವರ್ಷ ದಾವಣಗೆರೆಯ ಕಾಲೇಜಿನಲ್ಲಿ ವಿಕಿರಣಶೀಲತೆಯ ಪಾಠವನ್ನು ಮುಗಿಸಿ ಹೊರಬರುತ್ತಿದ್ದಾಗ ಬಿ.ಎಸ್‌ಸಿ. ತರಗತಿಯ ಹುಡುಗನೊಬ್ಬನು ಒಂದು ಕಾಗದವನ್ನು ಹಿಡಿದು ನಿಂತಿದ್ದನು. ಬೆಂಗಳೂರಿನಲ್ಲಿರುವ ಅವನ ದೊಡ್ಡಪ್ಪನ ಮಗನು ಹಣ ಕೊಟ್ಟು ತನ್ನ ಉಗುಳನ್ನು ಪರೀಕ್ಷೆ ಮಾಡಿಸಿದ್ದನಂತೆ. 'ನಿಮ್ಮ ಪಿತೃವಂಶ ಎಲ್ 1' ಎಂದು ಕಾಗದದಲ್ಲಿ ಅಚ್ಚಾಗಿತ್ತು. ಆಫ್ರಿಕದಿಂದ ಹೊರಟ ಬಾಣವೊಂದು ಪಶ್ಚಿಮ ಏಷ್ಯವನ್ನು ಹಾದು ದಕ್ಷಿಣ ಭಾರತಕ್ಕೆ ಬಂದು ನಿಂತಿತ್ತು. "ಸಾರ್, ಹೆಳವನಾದರೂ ಕಡತ ನೋಡಿ ಹೇಳುತ್ತಾನೆ. ಇವರು ಉಗುಳು ನೋಡಿ ಐವತ್ತು ಸಾವಿರ ವರ್ಷದ ಕಥೆ ಹೇಳುತ್ತಾರಲ್ಲ, ಇದನ್ನು ನಂಬಬಹುದೆ?" ಎಂದು ಅವನು ಕೇಳಿದನು. ನಾನು ಭೌತವಿಜ್ಞಾನದವನು, ಜೀವವಿಜ್ಞಾನ ನನ್ನ ಶಾಸ್ತ್ರವಲ್ಲ. ಆದರೂ ಹುಡುಗನ ಪ್ರಶ್ನೆ ನ್ಯಾಯವಾದುದು, ಮೇಲಾಗಿ ಅದರ ಅರ್ಧ ಭಾಗ ಗಡಿಯಾರಕ್ಕೆ ಸಂಬಂಧಿಸಿದ್ದು. ಆಗ ನಾನು ಅವನಿಗೆ ಹೇಳಿದುದನ್ನೂ ಅನಂತರ ಓದಿ ತಿಳಿದುಕೊಂಡುದನ್ನೂ ವಾಚಕರ ಮುಂದಿಡುತ್ತಿದ್ದೇನೆ.

ನಮ್ಮ ಪ್ರತಿಯೊಂದು ಜೀವಕೋಶದಲ್ಲಿಯೂ 23 ಜೊತೆ ವರ್ಣತಂತುಗಳಿವೆ. ಪ್ರತಿ ಜೊತೆಯಲ್ಲಿ ಒಂದು ತಾಯಿಯದು, ಒಂದು ತಂದೆಯದು. ಇವು ಮುಂದಿನ ಪೀಳಿಗೆಗೆ ಹೋಗುವಾಗ ಇದ್ದಂತೆಯೇ ಹೋಗುವುದಿಲ್ಲ. ಜೊತೆಯ ಎರಡು ತಂತುಗಳು ತಮ್ಮ ತುಂಡುಗಳನ್ನು ಪರಸ್ಪರ ಅದಲುಬದಲು ಮಾಡಿಕೊಂಡು, ಹೊಸದಾಗಿ ಕಲಸಿದ ಇಸ್ಪೀಟಿನ ಕಟ್ಟಿನಂತೆ ಮಗುವನ್ನು ಸೇರುತ್ತವೆ. ಹತ್ತು ತಲೆಮಾರು ಕಳೆಯುವುದರಲ್ಲಿ ಯಾವ ತುಂಡು ಯಾವ ಹಿರಿಯನಿಂದ ಬಂದಿತೆಂದು ಹೇಳುವುದು ಕಠಿಣ. ಗಂಡಸರಲ್ಲಿ ಮಾತ್ರ ಇರುವ ವೈ ವರ್ಣತಂತು ಇದಕ್ಕೆ ಹೊರತಾದುದು. ಅದಕ್ಕೆ ಸಮನಾದ ಜೊತೆಗಾರನಿಲ್ಲ. ತುದಿಗಳ ಅತ್ಯಲ್ಪ ಭಾಗವನ್ನು ಬಿಟ್ಟರೆ ಉಳಿದದ್ದು ಕಲಸಿಹೋಗದೆ ತಂದೆಯಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಇಡಿಯಾಗಿ ಹೋಗುತ್ತದೆ. ಗಂಡಸರ ಸಾಲನ್ನು ಮಾತ್ರ ಬಿಡದೆ ಹಿಡಿದುಕೊಂಡು ಹೋಗುವ ಈ ತಂತು ಹೆಳವನಲ್ಲದೆ ಮತ್ತೇನು? ಈ ಹೆಳವನನ್ನು ಗುರುತಿಸಿದವರಲ್ಲಿ ಮೊದಲಿಗಳು ಒಬ್ಬ ಮಹಿಳೆ ಎಂಬುದನ್ನು ಇಲ್ಲಿಯೇ ಹೇಳಿಬಿಡುವುದು ಲೇಸು. ಅಮೆರಿಕದ ನೆಟ್ಟಿ ಸ್ಟೀವನ್ಸ್ 1905ರಲ್ಲಿ ಹಿಟ್ಟಿನಲ್ಲಿ ಬೀಳುವ ಒಂದು ಬಗೆಯ ಹುಳುಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಗಂಡುಹುಳುವಿನಲ್ಲಿ ಮಾತ್ರ ಒಂದು ಕಿರಿದಾದ ವರ್ಣತಂತು ಇರುವುದನ್ನೂ ಗಂಡು ಹೆಣ್ಣೆಂಬ ಭೇದ ಅದರಿಂದಲೇ ಆಗುವುದನ್ನೂ ತೋರಿಸಿಕೊಟ್ಟಳು.

ತಂತು ಇಡಿಯಾಗಿ ಸಾಗುವುದಾದರೆ ಎಲ್ಲ ಗಂಡಸರ ವೈ ಒಂದೇ ಬಗೆಯಾಗಿರಬೇಕಲ್ಲವೆ? ಹಾಗಾಗದಿರುವುದಕ್ಕೆ ಕಾರಣ ನಕಲು ಮಾಡುವಾಗ ಆಗುವ ತಪ್ಪುಗಳು. ಫ. ಗು. ಹಳಕಟ್ಟಿಯವರಂಥ ವಿದ್ವಾಂಸರು ಹಳ್ಳಿಹಳ್ಳಿಗಳಿಂದ ವಚನಗಳ ತಾಳೆಗರಿಯ ಕಟ್ಟುಗಳನ್ನು ಕೂಡಿಹಾಕಿದರೆಂದು ನಾವು ಕೇಳಿದ್ದೇವೆ. ಒಂದೇ ಕೃತಿಯ ಹತ್ತು ಪ್ರತಿಗಳು ಸಿಕ್ಕಾಗ ಸಂಪಾದಕರು ಏನು ಮಾಡುವರು? ಲಿಪಿಕಾರನು ಒಮ್ಮೆ ಮಾಡಿದ ತಪ್ಪು ಅವನ ಪ್ರತಿಯನ್ನು ನೋಡಿ ಬರೆದವರೆಲ್ಲರ ಪ್ರತಿಗಳಲ್ಲಿಯೂ ಇಳಿಯುತ್ತದೆ. ಆದುದರಿಂದ ಒಂದೇ ತಪ್ಪನ್ನು ಹೊತ್ತ ಪ್ರತಿಗಳು ಒಂದೇ ಮೂಲದಿಂದ ಹುಟ್ಟಿದುವು. ಐದು ಪ್ರತಿಗಳಲ್ಲಿ ಒಂದು ತಪ್ಪು ಸಮಾನವಾಗಿದ್ದು, ಅವುಗಳಲ್ಲಿ ಎರಡರಲ್ಲಿ ಮಾತ್ರ ಮತ್ತೊಂದು ತಪ್ಪು ಇದ್ದರೆ, ಎರಡನೆಯದು ಅನಂತರ ಆದುದೆಂದು ತಿಳಿಯಬೇಕು. ಹೀಗೆ ತಪ್ಪುಗಳ ಮೇಲಿಂದಲೇ ಪ್ರತಿಗಳ ವಂಶವೃಕ್ಷವನ್ನು ಬರೆಯಬಹುದು. ವೈ ತಂತುವಿನ ವಿಷಯವೂ ಹೀಗೆಯೇ. ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳಲ್ಲಿ ಬರೆದ ಈ ಗ್ರಂಥವನ್ನು ಆದಿಯಿಂದ ಅಂತ್ಯದವರೆಗೆ ಓದಿ ಮುಗಿಸಿದ್ದು 2023ರಲ್ಲಿ. ಅದರಲ್ಲಿ 6,24,60,029 ಅಕ್ಷರಗಳಿವೆ. ನಕಲಿನಲ್ಲಿ ಅಪರೂಪಕ್ಕೆ ಎ ಇದ್ದಲ್ಲಿ ಜಿ ಬೀಳುತ್ತದೆ. ಇದಕ್ಕೆ ಉತ್ಪರಿವರ್ತನೆ ಎಂದು ಹೆಸರು. ಅದು ಆ ಗಂಡಸಿನ ಗಂಡುಸಂತತಿಗೆಲ್ಲ ಅಳಿಸಲಾಗದ ಗುರುತಾಗಿ ಉಳಿಯುತ್ತದೆ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪೀಟರ್ ಅಂಡರ್‌ಹಿಲ್ ಮತ್ತು ಸಂಗಡಿಗರು 2000ರಲ್ಲಿ ಭೂಮಿಯ ನಾನಾ ಭಾಗಗಳ 1,062 ಗಂಡಸರ ವೈ ತಂತುಗಳನ್ನು ಹೋಲಿಸಿ ಇಂಥ ವೃಕ್ಷವೊಂದನ್ನು ಪ್ರಕಟಿಸಿದರು. ಅವರು ಪತ್ತೆಮಾಡಿದ ಗುರುತುಗಳಿಗೆ ಎಂ 1, ಎಂ 2 ಎಂದು ಮುಂತಾಗಿ ಸಂಖ್ಯೆಗಳು ಬಿದ್ದುವು. 2002ರಲ್ಲಿ ದೊಡ್ಡ ಕವಲುಗಳಿಗೆ ಎ ಇಂದ ಆರ್ ವರೆಗೆ 18 ಇಂಗ್ಲಿಷ್ ಅಕ್ಷರಗಳನ್ನು ಕೊಟ್ಟರು. ಮುಂದೆ ಎಸ್, ಟಿ ಸೇರಿದುವು. ಹುಡುಗನ ಕಾಗದದಲ್ಲಿದ್ದ ಎಲ್ 1 ಎಂಬುದು ಇಂಥ ಒಂದು ಕವಲಿನ ಹೆಸರು, ಅಷ್ಟೆ. ಅದು ಜಾತಿಯಲ್ಲ, ಕುಲವಲ್ಲ, ಭಾಷೆಯೂ ಅಲ್ಲ.

ಇಷ್ಟರಿಂದ ಯಾರು ಯಾರಿಗೆ ಹತ್ತಿರದವರೆಂದು ತಿಳಿಯುವುದೇ ಹೊರತು ಯಾವಾಗ ಬೇರೆಯಾದರೆಂದು ತಿಳಿಯುವುದಿಲ್ಲ. ಅದಕ್ಕೆ ಗಡಿಯಾರ ಬೇಕು. ತರಗತಿಯಲ್ಲಿ ಯುರೇನಿಯಮ್ಮಿನ ಪರಮಾಣುಗಳ ವಿಘಟನೆಯನ್ನು ಕುರಿತು ನಾವು ಏನು ಹೇಳುತ್ತೇವೆ? ಯಾವ ಪರಮಾಣು ಯಾವ ಗಳಿಗೆಯಲ್ಲಿ ಒಡೆಯುವುದೆಂದು ಯಾರೂ ಹೇಳಲಾರರು. ಆದರೆ ಕೋಟಿಗಟ್ಟಲೆ ಪರಮಾಣುಗಳಿದ್ದರೆ ಸರಾಸರಿ ವೇಗ ನಿಶ್ಚಿತ. ಉತ್ಪರಿವರ್ತನೆಗಳೂ ಹೀಗೆಯೇ ಆಕಸ್ಮಿಕ, ಹೀಗೆಯೇ ಸರಾಸರಿಯಲ್ಲಿ ನಿಯತ. ಆ ವೇಗವನ್ನು ಅಳೆಯುವುದು ಹೇಗೆ? ಇಂಗ್ಲೆಂಡಿನ ಸ್ಯಾಂಗರ್ ಸಂಸ್ಥೆಯವರೂ ಚೀನದ ವಿಜ್ಞಾನಿಗಳೂ ಸೇರಿ 2009ರಲ್ಲಿ ಒಂದು ಸೊಗಸಾದ ಉಪಾಯ ಮಾಡಿದರು. ವಂಶಾವಳಿ ಚೆನ್ನಾಗಿ ಗೊತ್ತಿದ್ದ ಒಂದು ಚೀನೀ ಮನೆತನದ ಇಬ್ಬರು ದೂರದ ದಾಯಾದಿಗಳನ್ನು ಆರಿಸಿಕೊಂಡರು. ಒಬ್ಬನಿಂದ ಇಬ್ಬರಿಗೂ ಸಮಾನನಾದ ಹಿರಿಯನವರೆಗೆ ಏರಿ ಇನ್ನೊಬ್ಬನವರೆಗೆ ಇಳಿದರೆ ಒಟ್ಟು 13 ತಲೆಮಾರು. ಇಬ್ಬರ ವೈ ತಂತುಗಳಲ್ಲಿ ನೆಚ್ಚಿಕೆಯಿಂದ ಓದಬಹುದಾದ ಸುಮಾರು ಒಂದು ಕೋಟಿ ಅಕ್ಷರಗಳನ್ನು ಹೋಲಿಸಿದಾಗ 12 ಕಡೆ ವ್ಯತ್ಯಾಸ ಕಂಡಿತು. ಅವುಗಳಲ್ಲಿ 8 ಪ್ರಯೋಗಶಾಲೆಯಲ್ಲಿ ಬೆಳೆಸಿದ ಜೀವಕೋಶಗಳಲ್ಲಿ ಹುಟ್ಟಿಕೊಂಡುವು. ಮನುಷ್ಯರಲ್ಲಿ ನಿಜವಾಗಿ ಆದ ಬದಲಾವಣೆ 4 ಮಾತ್ರ.

ಲೆಕ್ಕ ಸುಲಭ. ನಾಲ್ಕನ್ನು ಹದಿಮೂರರಿಂದ ಭಾಗಿಸಿದರೆ ತಲೆಮಾರಿಗೆ ಸುಮಾರು 0.3. ಎಂದರೆ ಒಂದು ಕೋಟಿ ಅಕ್ಷರಗಳ ಹರವಿನಲ್ಲಿ ಮೂರು ತಲೆಮಾರಿಗೆ ಒಂದು ತಪ್ಪು. ತಲೆಮಾರಿಗೆ 30 ವರ್ಷವೆಂದು ಹಿಡಿದರೆ 100 ವರ್ಷಕ್ಕೆ ಒಂದು. ಗಡಿಯಾರ ಸಿದ್ಧವಾಯಿತು! ಆದರೆ ಭೌತವಿಜ್ಞಾನದ ವಿದ್ಯಾರ್ಥಿ ಇಲ್ಲಿ ತಟ್ಟನೆ ಕೈಯೆತ್ತಬೇಕು. ಆಕಸ್ಮಿಕ ಘಟನೆಗಳನ್ನು ಎಣಿಸಿದಾಗ ಎಣಿಕೆಯ ವರ್ಗಮೂಲದಷ್ಟು ಅನಿಶ್ಚಯ ಸಹಜ. ನಾಲ್ಕರ ವರ್ಗಮೂಲ ಎರಡು. ನೂರಕ್ಕೆ ಐವತ್ತರಷ್ಟು ಅನಿಶ್ಚಯ! ಇಂಥ ಗಡಿಯಾರವನ್ನು ಕಟ್ಟಿಕೊಂಡು ಯಾರೂ ರೈಲಿಗೆ ಹೋಗಲಾರರು.

ಇದಕ್ಕೆ ಪರಿಹಾರ ಬಂದುದು ಸೈಬೀರಿಯದಿಂದ. ಇರ್ತಿಶ್ ನದಿಯ ದಡದ ಉಸ್ತ್-ಇಶಿಮ್ ಎಂಬಲ್ಲಿ 2008ರಲ್ಲಿ ಒಂದು ತೊಡೆಯ ಮೂಳೆ ಸಿಕ್ಕಿತು. ಕಾರ್ಬನ್ ವಿಧಾನದಿಂದ ಅದರ ವಯಸ್ಸು ಸುಮಾರು 45,000 ವರ್ಷವೆಂದು ತಿಳಿಯಿತು. ಮೂಳೆ ಒಬ್ಬ ಗಂಡಸಿನದು, ಅದರ ಡಿ.ಎನ್.ಎ.ಯನ್ನು 2014ರ ಹೊತ್ತಿಗೆ ಪೂರ್ತಿಯಾಗಿ ಓದಿದರು. ಸತ್ತವನಲ್ಲಿ ನಕಲು ನಿಂತಿತಷ್ಟೆ. ಇಂದು ಬದುಕಿರುವ ಗಂಡಸರ ತಂತುಗಳಲ್ಲಿ ತಪ್ಪುಗಳು ಸೇರುತ್ತಲೇ ಬಂದಿವೆ. ಇವೆರಡರ ವ್ಯತ್ಯಾಸವೇ 45,000 ವರ್ಷಗಳ ಗಳಿಕೆ. ಇಷ್ಟು ದೀರ್ಘ ಕಾಲದಲ್ಲಿ ತಪ್ಪುಗಳ ಸಂಖ್ಯೆ ನೂರಾರು. 400ರ ವರ್ಗಮೂಲ 20, ಎಂದರೆ ನೂರಕ್ಕೆ ಐದು. ಅನಿಶ್ಚಯ ಎಷ್ಟು ಇಳಿಯಿತೆಂಬುದನ್ನು ನೋಡಿರಿ. ಈ ದಾರಿಯಿಂದ ದೊರೆತ ವೇಗದ ಪ್ರಕಾರ ಒಂದು ಕೋಟಿ ಅಕ್ಷರಗಳಲ್ಲಿ ಒಂದು ತಪ್ಪಿಗೆ ಸುಮಾರು 130 ವರ್ಷ. ಚೀನದ ದಾಯಾದಿಗಳು 100 ಎಂದರು, ಸೈಬೀರಿಯದ ಮೂಳೆ 130 ಎಂದಿತು. ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ಅಳತೆಗಳು ಇಷ್ಟು ಹತ್ತಿರ ಬಂದುದು ಸಾಮಾನ್ಯವಲ್ಲ.

ಗಡಿಯಾರ ಕೆಟ್ಟರೆ ಇತಿಹಾಸವೂ ಕೆಡುತ್ತದೆ ಎಂಬುದಕ್ಕೆ ನಮ್ಮ ದೇಶದ್ದೇ ಒಂದು ನಿದರ್ಶನವಿದೆ. ವೈ ತಂತುವನ್ನು ಇಡಿಯಾಗಿ ಓದುವುದು ದುಬಾರಿಯಾಗಿದ್ದ ಕಾಲದಲ್ಲಿ ವಿಜ್ಞಾನಿಗಳು ಅದರ ಕೆಲವು ಸ್ಥಾನಗಳಲ್ಲಿ ಸಣ್ಣ ಅಕ್ಷರಗುಚ್ಛವೊಂದು ಎಷ್ಟು ಸಲ ಪುನರಾವೃತ್ತಿಯಾಗಿದೆಯೆಂದು ಎಣಿಸಿ ಕಾಲವನ್ನು ಲೆಕ್ಕಹಾಕುತ್ತಿದ್ದರು. ಈ ಎಣಿಕೆ ಬದಲಾಗುವ ವೇಗಕ್ಕೆ ಎರಡು ಬೆಲೆಗಳು ಪ್ರಚಾರದಲ್ಲಿದ್ದುವು. ತಂದೆಮಕ್ಕಳನ್ನು ನೇರವಾಗಿ ನೋಡಿ ಅಳೆದುದು ಒಂದು. ಜನಸಮುದಾಯಗಳ ಇತಿಹಾಸದಿಂದ ಊಹಿಸಿದುದು ಇನ್ನೊಂದು. ಇವುಗಳ ನಡುವೆ ಸುಮಾರು ಮೂರು ಪಟ್ಟು ಅಂತರ! ನಿಧಾನವಾದ ಗಡಿಯಾರವನ್ನು ಬಳಸಿದ 2006ರ ಒಂದು ದೊಡ್ಡ ಅಧ್ಯಯನ ಭಾರತದ ಬಹುತೇಕ ಪಿತೃವಂಶಗಳ ವೈವಿಧ್ಯ ಹತ್ತು ಹದಿನೈದು ಸಾವಿರ ವರ್ಷಗಳಿಗಿಂತ ಹಳೆಯದೆಂದು ಹೇಳಿತು. ಆರ್ 1 ಎ ಎಂಬ ಕವಲನ್ನು ಕುರಿತ ವಾದಗಳು ಹತ್ತಾರು ವರ್ಷ ಈ ಲೆಕ್ಕದ ಮೇಲೆಯೇ ನಡೆದುವು. ಅಕ್ಷರಗಳನ್ನು ಒಂದೊಂದಾಗಿ ಓದಲು ಸಾಧ್ಯವಾದ ಮೇಲೆ ಚಿತ್ರ ಬದಲಾಯಿತು. ಆರ್ 1 ಎ ಕವಲಿನ ಯೂರೋಪಿನ ಟಿಸಿಲೂ ಏಷ್ಯದ ಟಿಸಿಲೂ ಬೇರೆಯಾದುದು ಸುಮಾರು 5,800 ವರ್ಷಗಳ ಹಿಂದೆ. ಭಾರತದಲ್ಲಿ ಅದು ಒಮ್ಮೆಲೇ ಹಬ್ಬಿದುದು ಸುಮಾರು 4,000ದಿಂದ 4,500 ವರ್ಷಗಳ ಹಿಂದೆ. ಇದರಲ್ಲಿ ಯಾರ ಕಪಟವೂ ಇರಲಿಲ್ಲ. ಅಳತೆಗೋಲು ಬೇರೆಯಾಗಿತ್ತು, ಅಷ್ಟೆ.

ಇನ್ನು ಪ್ರಯಾಣದ ಕಥೆ. ಆಫ್ರಿಕದ ಹೊರಗಿನ ಮೂಲನಿವಾಸಿ ಗಂಡಸರಲ್ಲಿ ಹೆಚ್ಚುಕಡಮೆ ಎಲ್ಲರೂ ಎಂ 168 ಎಂಬ ಒಂದೇ ಗುರುತನ್ನು ಹೊತ್ತಿದ್ದಾರೆ. ಅದು ಆಫ್ರಿಕದಿಂದ ಹೊರಟ ಗುಂಪಿನ ಗುರುತು. ಕಾಲ ಐವತ್ತರಿಂದ ಎಪ್ಪತ್ತು ಸಾವಿರ ವರ್ಷಗಳ ಹಿಂದಿನದು. ಅದರ ಒಂದು ಮುಖ್ಯ ಕವಲು ಸಿ. ಅದರ ಗುರುತಾದ ಎಂ 130 ಆಸ್ಟ್ರೇಲಿಯದ ಆದಿವಾಸಿಗಳಲ್ಲಿ ಹೇರಳವಾಗಿದೆ. ಮದುರೆಯ ಸುತ್ತಿನ ಹಳ್ಳಿಗಳ ಕೆಲವರಲ್ಲಿಯೂ ಅದು 2001ರ ಹೊತ್ತಿಗೆ ಪತ್ತೆಯಾಯಿತು. ಸಮುದ್ರತೀರವನ್ನು ಹಿಡಿದು ಸಾಗಿದ ಮೊದಲ ವಲಸೆಗಾರರ ಹೆಜ್ಜೆ ಇದೇ ಎಂದು ಆಗ ಬಹಳ ಉತ್ಸಾಹ ಉಂಟಾಗಿತ್ತು. ಕೆಲವರು ಇನ್ನೂ ಮುಂದೆ ಹೋಗಿ, ನಾಲ್ಕೈದು ಸಾವಿರ ವರ್ಷಗಳ ಹಿಂದೆ ಭಾರತೀಯರು ಆಸ್ಟ್ರೇಲಿಯಕ್ಕೆ ಹೋಗಿದ್ದರೆಂದರು. 2016ರಲ್ಲಿ ಆಸ್ಟ್ರೇಲಿಯದ ತಂತುಗಳನ್ನು ಪೂರ್ತಿಯಾಗಿ ಓದಿದಾಗ ಎರಡು ಕಡೆಯ ಕವಲುಗಳೂ ಐವತ್ತು ಸಾವಿರ ವರ್ಷಗಳಿಗೂ ಹಿಂದೆಯೇ ಅಗಲಿದುವೆಂದು ತಿಳಿದು, ವೈ ತಂತುವಿನ ಮಟ್ಟಿಗೆ ಆ ಎರಡನೆಯ ಕಥೆ ಬಿದ್ದುಹೋಯಿತು.

ಮತ್ತೊಂದು ಮುಖ್ಯ ಕವಲು ಎಫ್. ಯೂರೋಪು ಏಷ್ಯಗಳ ಬಹುಪಾಲು ಗಂಡಸರು ಇದರ ಸಂತತಿ. ನಮ್ಮಲ್ಲಿ ಕಾಣುವ ಎಚ್, ಎಲ್, ಆರ್ 2, ಜೆ 2, ಆರ್ 1 ಎ ಎಲ್ಲವೂ ಇದರ ರೆಂಬೆಗಳೇ. ಎಚ್ ಭಾರತದಲ್ಲಿ ಬಹು ಪುರಾತನ ಕಾಲದಿಂದ ನೆಲಸಿದುದು. ಜೆ 2ರ ಬೇರು ಪಶ್ಚಿಮ ಏಷ್ಯದ ಕಡೆಗಿದೆ. ಆರ್ 1 ಎ ಕವಲಿನ ಏಷ್ಯದ ಟಿಸಿಲಾದ ಝಡ್ 93 ಕಪ್ಪುಸಮುದ್ರದಿಂದ ಪೂರ್ವಕ್ಕೆ ಹಬ್ಬಿರುವ ಹುಲ್ಲುಗಾವಲುಗಳ ಪ್ರಾಚೀನ ಗೋರಿಗಳ ಮೂಳೆಗಳಲ್ಲಿ ಸಿಕ್ಕಿದೆ. 2019ರಲ್ಲಿ 523 ಪ್ರಾಚೀನ ಮನುಷ್ಯರ ಡಿ.ಎನ್.ಎ.ಯನ್ನು ಆಧರಿಸಿ ಪ್ರಕಟವಾದ ಸಂಶೋಧನೆಯ ಪ್ರಕಾರ, ಆ ಹುಲ್ಲುಗಾವಲುಗಳ ಜನರ ಅಂಶ ಭಾರತ ಉಪಖಂಡಕ್ಕೆ ಬಂದು ಸೇರಿದುದು ಕ್ರಿ.ಪೂ. 2000ರಿಂದ 1500ರ ನಡುವೆ. ಹಾಗೆಂದು ಆರ್ 1 ಎ ಯಾವುದೋ ಒಂದು ಜಾತಿಯ ಮುದ್ರೆಯೆಂದು ತಿಳಿಯಬಾರದು. ಆಂಧ್ರ ತೆಲಂಗಾಣಗಳ ಕಾಡುಗಳ ಚೆಂಚು ಜನರಲ್ಲಿಯೂ ಅದು ಕಂಡುಬಂದಿದೆ.

ನಮ್ಮ ನಾಡಿನ ಮಾತಿಗೆ ಬರೋಣ. ಕರ್ನಾಟಕದ ಎರಡು ದೊಡ್ಡ ಸಮುದಾಯಗಳಾದ ಲಿಂಗಾಯತರು ಮತ್ತು ಒಕ್ಕಲಿಗರ ಪಿತೃವಂಶಗಳನ್ನು ಕುರಿತ ಒಂದು ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಪ್ರತಿ ಸಮುದಾಯದಿಂದ ಸುಮಾರು ನೂರು ಗಂಡಸರ ಮಾದರಿಗಳನ್ನು ಪರೀಕ್ಷಿಸಿದ್ದರು. ಮೊದಲ ಫಲಿತಾಂಶ: ಎರಡು ಸಮುದಾಯಗಳಲ್ಲಿಯೂ ಹೆಚ್ಚಿನವರು ಎಚ್, ಎಲ್, ಎಫ್, ಆರ್ 2 ಎಂಬ ನಾಲ್ಕೇ ಕವಲುಗಳಿಗೆ ಸೇರಿದವರು. ಈ ನಾಲ್ಕೂ ಭಾರತದಲ್ಲಿ ಎಲ್ಲೆಲ್ಲಿಯೂ ಇರುವಂಥವು. ಸಮುದಾಯಗಳ ಹೆಸರುಗಳು ಹುಟ್ಟುವುದಕ್ಕೆ ಸಾವಿರಾರು ವರ್ಷ ಮೊದಲೇ ಈ ಕವಲುಗಳು ಒಡೆದಿದ್ದುವೆಂದ ಮೇಲೆ, ಬೇರೆ ಬೇರೆ ಹೆಸರಿನವರು ಒಂದೇ ಅಕ್ಷರವನ್ನು ಹಂಚಿಕೊಂಡಿರುವುದರಲ್ಲಿ ಸೋಜಿಗವೇನಿದೆ? ಎರಡನೆಯದು: ಒಕ್ಕಲಿಗರಲ್ಲಿ ಎಲ್ 1ರ ಪ್ರಮಾಣ ಹೆಚ್ಚು, ಇದು ಬೇಸಾಯಗಾರರ ಸಂಖ್ಯೆ ಈ ಸೀಮೆಯಲ್ಲಿ ಬೆಳೆದುದರ ಗುರುತಿರಬಹುದೆಂದು ಲೇಖಕರು ಊಹಿಸಿದರು. ಲಿಂಗಾಯತರಲ್ಲಿ ಆರ್ 1 ಎ ಮತ್ತು ಜೆ 2 ಕವಲುಗಳು ಎದ್ದುಕಂಡುವು. ಮೊದಲನೆಯದು ಅಕ್ಕಪಕ್ಕದ ದಕ್ಷಿಣದ ಜನರಿಂದಲೂ ಎರಡನೆಯದು ಪಶ್ಚಿಮ ಏಷ್ಯದ ಕಡೆಯಿಂದಲೂ ಬಂದು ಬೆರೆತದ್ದೆಂಬುದು ಅವರ ಅಭಿಪ್ರಾಯ.

ನನಗೆ ಇವೆರಡಕ್ಕಿಂತ ಮುಖ್ಯವಾಗಿ ಕಂಡುದು ಮೂರನೆಯದು. ಪುನರಾವೃತ್ತಿಯಾಗುವ 17 ಸ್ಥಾನಗಳ ಎಣಿಕೆಯನ್ನು ಸೇರಿಸಿದರೆ ಪ್ರತಿಯೊಬ್ಬನಿಗೂ ಒಂದು ಬಗೆಯ ಬೆರಳಗುರುತು ದೊರೆಯುತ್ತದೆ. ಸಮುದಾಯದಿಂದ ಯಾರಾದರೂ ಇಬ್ಬರನ್ನು ಕಣ್ಣುಮುಚ್ಚಿ ಆರಿಸಿದರೆ ಅವರ ಗುರುತುಗಳು ಬೇರೆಬೇರೆಯಾಗಿರುವ ಸಂಭವವೆಷ್ಟು? ಒಕ್ಕಲಿಗರಲ್ಲಿ 0.9901, ಲಿಂಗಾಯತರಲ್ಲಿ 0.9981. ಎರಡೂ ಒಂದೇ ಅಲ್ಲವೆ ಎಂದು ವಿದ್ಯಾರ್ಥಿಗಳು ಹೇಳಿಯಾರು. ಒಂದರಿಂದ ಕಳೆದು ನೋಡಿರಿ: 0.0099 ಮತ್ತು 0.0019. ಎಂದರೆ ಒಂದು ಕಡೆ ಸುಮಾರು ನೂರು ಜೋಡಿಗಳಲ್ಲಿ ಒಂದು ಜೋಡಿಗೆ ಗುರುತು ಹೊಂದುತ್ತದೆ. ಇನ್ನೊಂದು ಕಡೆ ಐನೂರಕ್ಕೂ ಹೆಚ್ಚು ಜೋಡಿಗಳಲ್ಲಿ ಒಂದಕ್ಕೆ. ಅನೇಕ ಮೂಲಗಳ ಜನರು ಕೂಡಿ ಆದ ಸಮುದಾಯದಲ್ಲಿ ಹೀಗಾಗುವುದು ಸಹಜ. 12ನೆಯ ಶತಮಾನದಲ್ಲಿ ಬಸವಣ್ಣನವರ ಕಾಲದ ಕಲ್ಯಾಣದಲ್ಲಿ ಮಾದಾರ ಚೆನ್ನಯ್ಯ, ಮಡಿವಾಳ ಮಾಚಿದೇವ, ಹಡಪದ ಅಪ್ಪಣ್ಣ, ಅಂಬಿಗರ ಚೌಡಯ್ಯ ಎಂಬ ಹೆಸರುಗಳು ಒಂದೇ ಪಂಕ್ತಿಯಲ್ಲಿ ಬರುವುದನ್ನು ನಾವು ಚರಿತ್ರೆಯಲ್ಲಿ ಓದುತ್ತೇವೆ. ಹೆಸರಿನ ಹಿಂದೆಯೇ ಕಸುಬು ಅಂಟಿಕೊಂಡಿದೆ. ಚೌಡಯ್ಯನ ಹೆಸರನ್ನು ಹೊತ್ತ ಚೌಡಯ್ಯದಾನಪುರ ನಮ್ಮ ಹರಿಹರದ ಕೆಳಗೆ ಇದೇ ಹೊಳೆಯ ದಂಡೆಯ ಮೇಲಿದೆ. ಪುಸ್ತಕದ ಈ ಮಾತಿಗೆ ರಕ್ತದ ಸಾಕ್ಷ್ಯವೂ ಒಂದಿಷ್ಟು ಸೇರಿತೆಂಬುದೇ ಆ ದಶಮಾಂಶಗಳ ಅರ್ಥ. ಈ ಫಲಿತಾಂಶಕ್ಕೆ ಗಡಿಯಾರದ ಹಂಗಿಲ್ಲವೆಂಬುದನ್ನೂ ಗಮನಿಸಬೇಕು. ಇದು ಬರಿಯ ಎಣಿಕೆ.

ಆದರೆ ನೂರು ಮಂದಿ ಎಂದರೆ ನೂರೇ ಮಂದಿ. ಅದೂ ಅಲ್ಲದೆ ಇಂದು ಒಂದು ಕವಲು ಎಲ್ಲಿ ಹೆಚ್ಚಾಗಿದೆಯೋ ಅಲ್ಲಿಯೇ ಅದು ಹುಟ್ಟಿತೆನ್ನುವಂತಿಲ್ಲ. ದಾವಣಗೆರೆಯನ್ನೇ ನೋಡಿರಿ. ಹತ್ತಿಯ ಗಿರಣಿಗಳು ನಡೆಯುತ್ತಿದ್ದ ಕಾಲದಲ್ಲಿ ಕೂಲಿಗಾಗಿ, ವ್ಯಾಪಾರಕ್ಕಾಗಿ ನಾನಾ ಕಡೆಗಳಿಂದ ಬಂದ ಜನರ ಮೊಮ್ಮಕ್ಕಳು ಇಂದು ದಾವಣಗೆರೆಯವರೇ. ಸಾವಿರ ವರ್ಷಗಳ ಅನಂತರ ಯಾರಾದರೂ ಇವರ ತಂತುಗಳನ್ನು ಓದಿ, ಈ ಕವಲುಗಳೆಲ್ಲ ದಾವಣಗೆರೆಯಲ್ಲಿ ಹುಟ್ಟಿದುವೆಂದು ಬರೆದರೆ ನಗೆಗೀಡಾಗುವರು. ಹಳೆಯ ಮೂಳೆಗಳು ಬೇಕೆಂಬುದು ಇದಕ್ಕಾಗಿಯೇ. ಹರಿಹರದಿಂದ ಹೊಳೆಯ ಮೇಲ್ಭಾಗದಲ್ಲಿರುವ ಹಳ್ಳೂರಿನಲ್ಲಿ 1960ರ ದಶಕದಲ್ಲಿ ಎಂ. ಎಸ್. ನಾಗರಾಜರಾಯರು ಉತ್ಖನನ ನಡೆಸಿದಾಗ ನವಶಿಲಾಯುಗದಿಂದ ಕಬ್ಬಿಣದ ಯುಗದವರೆಗಿನ ಜನವಸತಿ ಬೆಳಕಿಗೆ ಬಂದಿತು. ಅಲ್ಲಿಯ ಪ್ರಾಣಿಗಳ ಮೂಳೆಗಳಲ್ಲಿ ಕೆಲವು ಕುದುರೆಯವೆಂದು ಪಶುವೈದ್ಯರಾದ ಕೆ. ಆರ್. ಆಲೂರ ಅವರು ಗುರುತಿಸಿದಾಗ ಎದ್ದ ವಾದ ಬಹುಕಾಲ ನಡೆಯಿತು. ಸೈಬೀರಿಯದ ಹಿಮದಲ್ಲಿ ಉಳಿಯುವಂತೆ ನಮ್ಮ ಸೆಕೆಯ ನೆಲದಲ್ಲಿ ಡಿ.ಎನ್.ಎ. ಉಳಿಯುವುದಿಲ್ಲ, ಇದು ನಮ್ಮ ದೊಡ್ಡ ತೊಡಕು.

ಹುಡುಗನಿಗೆ ನಾನು ಹೇಳಬೇಕಾಗಿದ್ದ ಇನ್ನೊಂದು ಮಾತಿತ್ತು. ಅವನನ್ನು ಒಂದು ಭಾನುವಾರ ಹರಿಹರದ ಸೇತುವೆಯ ಮೇಲೆ ನಿಲ್ಲಿಸಿ ಕೇಳಿದೆ: ಈ ನೀರು ಎಲ್ಲಿಂದ ಬಂದಿತು? ದಂಡೆಯನ್ನು ಹಿಡಿದು ಮೇಲಕ್ಕೆ ನಡೆ. ಪ್ರತಿ ಸಂಗಮದಲ್ಲಿಯೂ ಬಲಗೈಯ ಹೊಳೆಯನ್ನು ಬಿಟ್ಟು ಎಡಗೈಯದನ್ನೇ ಹಿಡಿ ಎಂದು ನಿಯಮ ಮಾಡಿಕೊ. ಕಡೆಗೆ ಯಾವುದೋ ಬೆಟ್ಟದ ಯಾವುದೋ ಒರತೆಯನ್ನು ಮುಟ್ಟುವೆ. ಆ ಒರತೆ ಸುಳ್ಳಲ್ಲ. ಆದರೆ ಸೂಳೆಕೆರೆಯಿಂದ ಹರಿದುಬಂದು ಇಲ್ಲಿಯೇ ಕೂಡುವ ಹರಿದ್ರೆ, ಕೂಡಲಿಯಲ್ಲಿ ಸೇರುವ ತುಂಗೆ ಭದ್ರೆಗಳು, ಹೆಸರಿಲ್ಲದ ಸಾವಿರ ಹಳ್ಳಗಳು, ಇವುಗಳಲ್ಲಿ ಎಷ್ಟನ್ನು ನಿನ್ನ ನಿಯಮ ಕೈಬಿಟ್ಟಿತು? ತಂದೆತಾಯಿ ಇಬ್ಬರು, ಅಜ್ಜ ಅಜ್ಜಿಯರು ನಾಲ್ವರು. ಹತ್ತು ತಲೆಮಾರಿನ ಹಿಂದೆ 1,024. ಬಸವಣ್ಣನವರ ಕಾಲಕ್ಕೆ ಸುಮಾರು 28 ತಲೆಮಾರು ಎಂದಿಟ್ಟುಕೊಂಡರೆ ನಿನ್ನ ವಂಶವೃಕ್ಷದ ಆ ಸಾಲಿನಲ್ಲಿ 26 ಕೋಟಿಗೂ ಹೆಚ್ಚು ಸ್ಥಾನಗಳಿವೆ. ಒಬ್ಬನೇ ವ್ಯಕ್ತಿ ಅನೇಕ ಸ್ಥಾನಗಳಲ್ಲಿ ಮತ್ತೆ ಮತ್ತೆ ಬಂದಿರಲೇಬೇಕು, ಅದಿರಲಿ. ಅಷ್ಟು ಸ್ಥಾನಗಳಲ್ಲಿ ಎಲ್ 1 ಎಂಬ ಗುರುತು ಒಂದೇ ಒಂದನ್ನು ಕುರಿತು ಹೇಳುತ್ತದೆ.

ಹಾಗಾದರೆ ಉಳಿದವರು ಎಲ್ಲಿ? ಕಲಸಿಹೋದ ಮಿಕ್ಕ ವರ್ಣತಂತುಗಳಲ್ಲಿ. ಅವನ್ನು ಓದುವುದು ಕಷ್ಟವಾದರೂ ಅಸಾಧ್ಯವಲ್ಲ. ಉತ್ತರ ಕನ್ನಡದ ಕಾಡಂಚಿನ ಸಿದ್ದಿ ಜನರನ್ನು ಕುರಿತು ಹೈದರಾಬಾದಿನ ಕೋಶೀಯ ಮತ್ತು ಅಣ್ವಿಕ ಜೀವವಿಜ್ಞಾನ ಕೇಂದ್ರದವರು 2011ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಲಕ್ಷಗಟ್ಟಲೆ ಗುರುತುಗಳನ್ನು ಎಲ್ಲ ವರ್ಣತಂತುಗಳಿಂದ ತೆಗೆದುಕೊಂಡಿದ್ದರು. ವೈ ತಂತುವನ್ನೂ ತಾಯಿಯ ಕಡೆಯ ಗುರುತನ್ನೂ ನೋಡಿದಾಗ ಬೇರು ಆಫ್ರಿಕದ ಬಂಟು ಭಾಷೆಗಳ ಜನರತ್ತ ತೋರಿತು. ಇಡೀ ಗ್ರಂಥವನ್ನು ನೋಡಿದಾಗ ನೆರೆಯ ಭಾರತೀಯರ ಅಂಶವೂ ಸೇರಿರುವುದು ಕಂಡಿತು. ಆ ಬೆರಕೆ ಎಂಟು ತಲೆಮಾರುಗಳ ಒಳಗೆ, ಸುಮಾರು 200 ವರ್ಷಗಳೀಚೆಗೆ ಆದುದೆಂಬ ಲೆಕ್ಕವೂ ಸಿಕ್ಕಿತು. ವೈ ತಂತುವೊಂದನ್ನೇ ಓದಿದ್ದರೆ ಈ ಎರಡನೆಯ ಅಧ್ಯಾಯ ಪೂರ್ತಿಯಾಗಿ ತೆರೆಯುತ್ತಿರಲಿಲ್ಲ.

"ತಾಯಿಯ ಕಡೆಗೆ ಹೆಳವನಿಲ್ಲವೆ ಸಾರ್?" ಎಂದನು ಹುಡುಗ. ಇದ್ದಾಳೆ. ಜೀವಕೋಶದಲ್ಲಿ ವರ್ಣತಂತುಗಳಿಂದ ದೂರವಾಗಿ, ಮೈಟೋಕಾಂಡ್ರಿಯ ಎಂಬ ಕಣಗಳೊಳಗೆ 16,569 ಅಕ್ಷರಗಳ ಒಂದು ಪುಟ್ಟ ಉಂಗುರವಿದೆ. ಇದು ತಾಯಿಯಿಂದ ಮಾತ್ರ ಬರುವುದು. ಗಂಡು ಹೆಣ್ಣು ಮಕ್ಕಳಿಬ್ಬರಿಗೂ ಬರುವುದಾದರೂ ಮುಂದಕ್ಕೆ ಒಯ್ಯುವವಳು ಮಗಳು ಮಾತ್ರ. ಹರಿಯಾಣದ ರಾಖಿಗಢಿಯಲ್ಲಿ, ಸಿಂಧೂ ನಾಗರಿಕತೆಯ ನಗರದ ಸ್ಮಶಾನದಲ್ಲಿ ಸಿಕ್ಕ ಅಸ್ಥಿಗಳಿಂದ ಅರುವತ್ತಕ್ಕೂ ಹೆಚ್ಚು ಮಾದರಿಗಳನ್ನು ವಸಂತ ಶಿಂದೆ ಮತ್ತು ಅವರ ಸಂಗಡಿಗರು ಪರೀಕ್ಷಿಸಿದರು. ಓದುವಷ್ಟು ಡಿ.ಎನ್.ಎ. ಸಿಕ್ಕಿದ್ದು ಒಂದರಲ್ಲಿ ಮಾತ್ರ. 2019ರಲ್ಲಿ ಅದರ ವಿವರ ಪ್ರಕಟವಾಯಿತು. ಹುಲ್ಲುಗಾವಲುಗಳ ಜನರ ಅಂಶ ಅದರಲ್ಲಿ ಕಾಣಲಿಲ್ಲ. ಆ ವ್ಯಕ್ತಿ ಒಬ್ಬ ಹೆಂಗಸು. ಆದುದರಿಂದ ಅವಳಲ್ಲಿ ವೈ ತಂತುವಿಲ್ಲ. ಪಿತೃವಂಶಗಳ ಕಡತದಲ್ಲಿ ಅವಳಿಗಾಗಿ ಒಂದು ಸಾಲೂ ಇಲ್ಲ. ಅವಳ ಮೈಟೋಕಾಂಡ್ರಿಯದ ಕವಲಿಗೆ ಯು 2 ಬಿ 2 ಎಂದು ಹೆಸರು. ಭಾರತದ ಹೆಂಗಸರಲ್ಲಿ ಕೆಲವರು ಇಂದಿಗೂ ಅದನ್ನು ತಮ್ಮ ಮಕ್ಕಳಿಗೆ ಕೊಡುತ್ತಿದ್ದಾರೆ.